ಟಾಪಾಸ್ ಬಾರಿನಲ್ಲಿ ಅಮ್ಮ ಬಡಿಸಿದ್ದು

ಡಲ್ಲಾಸ್‌ನಲ್ಲಿ ಅಷ್ಟೊಂದು ಊಟದ ಜಾಗಗಳಿದ್ದೂ, ಅಮ್ಮನನ್ನು ಒಪ್ಪಿಸೋದಕ್ಕೆ ನನ್ನ ತಂಗಿ ಆರಿಸಿದ್ದು ಟಾಪಾಸ್ ಅನ್ನೋ ತಿಂಡಿಗಳು ಸಿಗೋ ಒಂದು ಸ್ಪ್ಯಾನಿಷ್ ವೈನ್ ಬಾರು. ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು. ನನಗೆ ಮೈಯೆಲ್ಲ ಉರಿದುಹೋಯಿತು. ಮೊಟ್ಟೆ ವಾಸನೆಗೂ ಮೂಗು ಮುಚ್ಚುವ ಮೈಸೂರಿನ ಹೆಂಗಸನ್ನು ಕರೆದುಕೊಂಡು ಹೋಗೋ ಜಾಗವೇನೇ ಅದು ಅಂತ ಫೋನಿನಲ್ಲೇ ಬೈದೆ.

"ಅಲ್ಲಿ ತರಕಾರಿದು ತುಂಬ ಸಿಗುತ್ತೆ ಕಣೇ ಅಕ್ಕ. ಅವನು ಮೊದಲೇ ಹೋಗಿ ಕೇಳ್ಕೊಂಡು ಬಂದಿದಾನೆ" ಅಂದಳು.

ಅವನು ಅಂದರೆ ಪಕ್ಕದೂರು ರಿಚರ್ಡ್‌ಸನ್‌ನಲ್ಲಿ ಅವಳ ಆಫೀಸಿನಲ್ಲೇ ಕೆಲಸ ಮಾಡುತ್ತಿದ್ದ ಟೆಕ್ಸಸ್‌ನ ಹುಡುಗ. ಮದುವೆ ಆಗೋದು ಅಂತ ಇಬ್ಬರೂ ತೀರ್ಮಾನ ಮಾಡಿಯಾಗಿತ್ತು. ಆದರೆ ಅಮ್ಮ ಹೂಂ ಅನ್ನದೆ ತಾಳಿ ಕಟ್ಟಿಸಿಕೊಳ್ಳಲ್ಲ ಅಂತ ತಂಗಿಯ ಹಟ. ಅಪ್ಪ ತೀರಿಕೊಂಡಿದ್ದರು, ಹೂಂ ಅನ್ನಬೇಕಾದವಳು ಅಮ್ಮ ಒಬ್ಬಳೇ. ಕ್ಯಾರಲ್ಟನ್‌ನ ನಮ್ಮನೆಗೆ ಬಂದು ಐದು ತಿಂಗಳಾದರೂ, ಆ ವಿಷಯ ತೆಗೆದರೆ ಸಾಕು, ಮೊರ ಹಿಡಿದು ಬೇಳೆ ಆರಿಸೋದಕ್ಕೆ ಕೂರುತ್ತಿದ್ದಳು. ಇಲ್ಲಿಯ ಪ್ಯಾಕೆಟ್ ಬೇಳೆಯಲ್ಲಿ ಒಂದು ಕಲ್ಲೂ ಇರುತ್ತಿರಲಿಲ್ಲ. ಮುಂದಿನ ವಾರ ಅವಳ ವಾಪಸ್ ಟಿಕೆಟ್ ಇತ್ತು.

ಶನಿವಾರ ಸಂಜೆ ಒಳಗೆ ಕಾಲಿಟ್ಟರೆ ಸಂತೆಯೋ ಸಂತೆ. ಗಿಟಾರು, ನಗು, ಗ್ಲಾಸುಗಳ ಸದ್ದು. ಹುಡುಗ ಎದ್ದು ನಿಂತು ಕೈ ಮುಗಿದ. ಅವನ ಮುಂದೆ ಕೆಂಪು ವೈನ್ ಇತ್ತು, ಪುಣ್ಯಾತ್ಮ ಅದನ್ನು ಆ ಕಡೆ ಸರಿಸಲೂ ಇಲ್ಲ. ಅಮ್ಮನೂ ಕೈ ಮುಗಿದಳು, ಮುಖ ಮಾತ್ರ ಬಿಗಿದುಕೊಂಡೇ ಇತ್ತು.

ಮೊದಲು ಬಂದದ್ದು ಅಂಗೈಯಗಲದ ತಟ್ಟೆಯಲ್ಲಿ ಕರಿದ ಆಲೂಗೆಡ್ಡೆ, ಮೇಲೆ ಖಾರದ ಟೊಮೆಟೊ ಗೊಜ್ಜು. ಇಷ್ಟು ಚಿಕ್ಕದು ಒಬ್ಬರಿಗೇ ಇರಬೇಕು ಅಂದುಕೊಂಡು ನಾನು ಮಹಾ ಬುದ್ಧಿವಂತೆ, "ನೀನು ಶುರು ಮಾಡಮ್ಮ, ನಮ್ಮದು ಬರುತ್ತೆ" ಅಂತ ಅವಳ ಮುಂದೆ ಇಟ್ಟೆ. ಹುಡುಗನ ಜೊತೆ ಮಾತಾಡುತ್ತಿದ್ದ ತಂಗಿ ಈ ಕಡೆ ತಿರುಗೋ ಹೊತ್ತಿಗೆ ಅಮ್ಮ ಅರ್ಧ ತಿಂದಾಗಿತ್ತು. ಇಲ್ಲಿ ತಟ್ಟೆಯನ್ನು ನಡುವೆ ಇಟ್ಟುಕೊಂಡು ಎಲ್ಲರೂ ಅದರಿಂದಲೇ ತಿನ್ನೋದು ಅಂತ ತಂಗಿ ಆಗ ಹೇಳಿದಳು.

"ಅಯ್ಯೋ ರಾಮ! ನಾಲ್ಕು ಜನರದ್ದನ್ನು ನಾನೊಬ್ಬಳೇ ಎಂಜಲು ಮಾಡಿಬಿಟ್ಟೆನಲ್ಲೇ!"

ಒಬ್ಬರು ಬಾಯಿಗಿಟ್ಟ ಚಮಚ ಇನ್ನೊಬ್ಬರ ತಟ್ಟೆ ಮುಟ್ಟಿದ್ದು ನಮ್ಮನೆಯಲ್ಲಿ ಕಂಡಿದ್ದೇ ಇಲ್ಲ. ಪಕ್ಕದ ಟೇಬಲ್ಲಿನಲ್ಲಿ ಆರು ಫೋರ್ಕು ಒಂದೇ ತಟ್ಟೆಗೆ ಇಳಿಯೋದನ್ನು ನೋಡಿ ಅಮ್ಮ ಕಣ್ಣು ಮುಚ್ಚಿಕೊಂಡಳು. ಕೆಲಸ ಕೆಟ್ಟಿತು ಅಂದುಕೊಂಡೆ.

ಅಷ್ಟರಲ್ಲಿ ಟೊಮೆಟೊ ಸವರಿದ ಬ್ರೆಡ್ಡು, ಉಪ್ಪು ಹಾಕಿ ಹುರಿದ ಹಸಿಮೆಣಸಿನಕಾಯಿ, ಇನ್ನೊಂದು ತಟ್ಟೆ ಆಲೂಗೆಡ್ಡೆ ಬಂದವು. ಅಮ್ಮ ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಯಾರೂ ಬಾಯಿಗಿಡದ ಒಂದು ದೊಡ್ಡ ಚಮಚ ಕೇಳೇ" ಅಂದಳು. ಚಮಚ ಬಂತು. ಆ ಗಲಾಟೆಯ ಮಧ್ಯೆ ನಮ್ಮಮ್ಮ, ಮದುವೆ ಪಂಕ್ತಿಯಲ್ಲಿ ಬಡಿಸೋ ಹಾಗೆ, ಎಲ್ಲರ ತಟ್ಟೆಗೂ ಬಡಿಸಿದಳು. ಹುಡುಗನಿಗೆ ಒಂದು ಚೂರು ಕಮ್ಮಿಯೇ ಹಾಕಿದಳು ಅನ್ನಿ.

ನಾನೂ ತಂಗಿಯೂ ಗಬಗಬ ತಿನ್ನತೊಡಗಿದೆವು. ಅವನು ಕೈ ಕಟ್ಟಿಕೊಂಡು ಸುಮ್ಮನೆ ಕೂತಿದ್ದ. ನನಗೆ ಪಿತ್ತ ನೆತ್ತಿಗೇರಿತು. ಅಮ್ಮ ಬಡಿಸಿದ್ದನ್ನು ಮುಟ್ಟಲ್ಲ ಅಂದರೆ ಇವನಿಗೆಷ್ಟು ಕೊಬ್ಬಿರಬೇಡ! ಟೇಬಲ್ ಕೆಳಗೆ ತಂಗಿಯ ಕಾಲಿಗೆ ಒದ್ದೆ.

"ಯಾಕಪ್ಪಾ, ರುಚಿ ಇಲ್ವಾ?" ಅಮ್ಮ ಕನ್ನಡದಲ್ಲೇ ಕೇಳಿದಳು.

ತಂಗಿ ಅವನನ್ನು ಇಂಗ್ಲಿಷಿನಲ್ಲಿ ಕೇಳಿ, ಅಮ್ಮನಿಗೆ ಹೇಳಿದಳು: "ನೀನಿನ್ನೂ ಕೂತಿಲ್ವಲ್ಲ, ಅದಕ್ಕಂತೆ. ಅವರಜ್ಜಿ ಎಲ್ಲರಿಗೂ ಹಾಕಿ ಕೊನೆಗೆ ಒಲೆ ಪಕ್ಕ ನಿಂತೇ ತಿಂತಿದ್ರಂತೆ. ಅದನ್ನ ನೆನೆಸ್ಕೊಂಡ್ರೆ ಅವನಿಗೆ ಈಗಲೂ ಸಂಕಟ ಆಗುತ್ತಂತೆ."

ಅವನೇ ಎದ್ದು ಬಂದು, ಅಮ್ಮನ ಕೈಯಿಂದ ಚಮಚ ಮೆಲ್ಲಗೆ ತೆಗೆದುಕೊಂಡು, ಕುರ್ಚಿ ಎಳೆದು ಕೂರಿಸಿದ. ಹೊಸ ತಟ್ಟೆ ಇಟ್ಟು ಬಡಿಸಿದ. ಚಮಚ ಅವಳ ತಟ್ಟೆಗೆ ತಾಗದ ಹಾಗೆ, ಮೇಲಿನಿಂದಲೇ. ಅಷ್ಟು ಹೊತ್ತು ಅವಳ ಕೈಯನ್ನೇ ನೋಡುತ್ತಿದ್ದ ಅಂತ ಕಾಣುತ್ತೆ.

ಅಮ್ಮ ಒಂದು ಮೆಣಸಿನಕಾಯಿ ಕಚ್ಚಿ, "ನಮ್ಮ ಬಾಳಕದ ಮೆಣಸಿನಕಾಯಿ ಥರವೇ ಇದೆ, ಖಾರ ಇಲ್ಲ ಅಷ್ಟೆ" ಅಂದಳು. ಆಮೇಲೆ ನನ್ನ ಕಡೆ ತಿರುಗಿದಳು.

"ನಲವತ್ತು ವರ್ಷ ಬಡಿಸಿದೀನಿ. ನೀನೂ ಕೂತ್ಕೋ ಅಂತ ನಿಮ್ಮಪ್ಪನೂ ಅನ್ನಲಿಲ್ಲ, ನೀವಿಬ್ಬರೂ ಅನ್ನಲಿಲ್ಲ."

ಕೈಯಲ್ಲಿದ್ದ ಬ್ರೆಡ್ಡನ್ನು ತಟ್ಟೆಗೆ ಇಟ್ಟೆ. ನಿಜವೇ. ಐದು ತಿಂಗಳು ನಮ್ಮನೆಯಲ್ಲೂ ಅವಳೇ ಬಡಿಸಿದ್ದಳು, ನಾನು ಆಫೀಸಿನಿಂದ ಬಂದು ಬಿಸಿಬಿಸಿಯಾಗಿ ಉಂಡು ಎದ್ದುಹೋಗುತ್ತಿದ್ದೆ. ಬಹಳ ನಾಚಿಕೆಯಾಯಿತು.

ತಂಗಿ ಧೈರ್ಯ ಮಾಡಿ, "ಅಮ್ಮಾ, ಹಾಗಾದ್ರೆ..." ಅಂದಳು. ಅಮ್ಮ ತಟ್ಟೆಯಿಂದ ತಲೆ ಎತ್ತಲಿಲ್ಲ.

"ಮದುವೆ ದಿನ ನಾನು ಬಡಿಸಲ್ಲ, ಈಗಲೇ ಹೇಳಿದೀನಿ. ಮೊದಲನೇ ಪಂಕ್ತೀಲೇ, ಇವನ ಪಕ್ಕದ ಎಲೆಗೇ ಕೂತ್ಕೋತೀನಿ. ಬಡಿಸೋಕೆ ನಿಮ್ಮಕ್ಕ ಇದಾಳೆ."