ಸದ್ದು ಮಾಡದ ಗುಂಡು

ಕಾರು ನೋಡಲು ಹಲ್ಲಿನ ಡಾಕ್ಟರಮ್ಮ ಬರುತ್ತಾರೆಂದು ಗೊತ್ತಾದಾಗಿನಿಂದ ಮೇಸ್ತ್ರಿಗೆ ಊಟ ಸೇರುತ್ತಿರಲಿಲ್ಲ. ಹಲ್ಲು ಕೀಳುವವರಿಗೆ ಹಳೇ ಕಾರು ಯಾಕೆ ಬೇಕು? ಇದು ಅವನ ಮೊದಲ ಅನುಮಾನ. ಗಾಡಿ ಓಡದಿದ್ದರೂ ಚಿಂತೆಯಿಲ್ಲ, ಭಾಗಗಳೆಲ್ಲ ಇದ್ದರೆ ಸಾಕು ಅಂದರಂತೆ, ಅದ್ಯಾಕೆ? ಇದು ಎರಡನೆಯದು. ಮೂರನೆಯದು ಹೆಂಡತಿಯ ಮೇಲೆ. ಡಾಕ್ಟರಮ್ಮನ ಹತ್ತಿರ ಹಲ್ಲು ಕಟ್ಟಿಸಿಕೊಳ್ಳಲು ಹೋದವಳು ಅವಳು, ಶೆಡ್ಡಿನಲ್ಲಿ ಇಂಥದೊಂದು ಕಾರಿದೆ ಅಂತ ಹೇಳಿ ಬಂದವಳೂ ಅವಳು. ಬಾಯಿ ಅಗಲಿಸಿಕೊಂಡು ಸುಮ್ಮನೆ ಕೂರಬೇಕಾದ ಕುರ್ಚಿಯಲ್ಲಿ ಇವಳು ಅಷ್ಟೊಂದು ಮಾತಾಡಿದ್ದಾದರೂ ಹೇಗೆ ಅಂತ ಮೇಸ್ತ್ರಿ ಎರಡು ದಿನ ಯೋಚನೆ ಮಾಡಿದ.

ಎಪ್ಪತ್ತೊಂದು ವರ್ಷದ ಈ ಮನುಷ್ಯನನ್ನು ಪೇಟೆಯ ಗ್ಯಾರೇಜುಗಳಲ್ಲಿ ಪಂಚ್ ಮೇಸ್ತ್ರಿ ಅನ್ನುತ್ತಾರೆ. ಲೋಹಕ್ಕೆ ತೂತು ಕೊರೆಯುವ ಮೊದಲು ಚುಕ್ಕಿ ಹಾಕಿಕೊಳ್ಳುವ ಚೂಪು ಮೊನೆಯ ಉಕ್ಕಿನ ಕಡ್ಡಿಯೇ ಪಂಚು. ಬೇರೆಯವರು ಅದನ್ನು ತೂತಿಗೆ ಬಳಸಿದರೆ ಇವನು ಅನುಮಾನಕ್ಕೆ ಬಳಸಿದ. ಕೈಗೆ ಬಂದ ಪ್ರತಿಯೊಂದು ಭಾಗಕ್ಕೂ ಯಾರಿಗೂ ಕಾಣದ ಮಗ್ಗುಲಲ್ಲಿ ಮೂರು ಚುಕ್ಕಿ. ಲೇತಿಗೆ ಹೋದದ್ದು, ಬಣ್ಣಕ್ಕೆ ಹೋದದ್ದು ವಾಪಸು ಬಂದರೆ ಮೊದಲು ಚುಕ್ಕಿ ಹುಡುಕುವುದು, ಆಮೇಲೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವುದು. ಕಣ್ಣಿಗೆ ಮಣ್ಣೆರಚಬಹುದು, ಕಿವಿಗೆ ಎರಚೋಕಾಗಲ್ಲ ಅನ್ನುವುದು ಅವನ ಸಿದ್ಧಾಂತ. ಮನೆಯ ಕೊಡೆ, ಟಾರ್ಚು, ಹಿಟ್ಟಿನ ಡಬ್ಬದ ಮುಚ್ಚಳ ಒಂದನ್ನೂ ಬಿಟ್ಟಿರಲಿಲ್ಲ. ಮದುವೆಯಾದ ಹೊಸದರಲ್ಲಿ ಹೆಂಡತಿ, "ನಾನೊಬ್ಬಳು ಬಾಕಿ ಇದೀನಿ, ಹೊಡೆದುಬಿಡಿ" ಅಂತ ಬೆನ್ನು ತಿರುಗಿಸಿ ನಿಂತಿದ್ದಳಂತೆ. ಮೇಸ್ತ್ರಿ ನಗಲಿಲ್ಲ.

ಇಂಥವನು ಬದುಕಿನಲ್ಲಿ ಕಣ್ಣುಮುಚ್ಚಿ ನಂಬಿದ್ದು ಎರಡನ್ನು. ಒಂದು ಆ ಕಾರು, ಇನ್ನೊಂದು ತಮ್ಮ.

ಕಾರು ಅಮೆರಿಕದ ಸ್ಟುಡ್‌ಬೇಕರ್, ಸಾವಿರದೊಂಬೈನೂರ ಐವತ್ತರದ್ದು. ಗುಜರಿಯ ಮೂಲೆಯಲ್ಲಿ ಹುಲ್ಲು ಹುಟ್ಟಿಸಿಕೊಂಡು ನಿಂತಿತ್ತು. ಮೂತಿಯ ನಡುವೆ ವಿಮಾನದ ಮೂಗಿನಂತೆ ದುಂಡಗೆ ಚಾಚಿಕೊಂಡ ಲೋಹ. ಹಿಂದು ಮುಂದು ಒಂದೇ ಥರ ಕಾಣುವ ಈ ಕಂಪನಿಯ ಕಾರು ಬರ್ತಿದೆಯೋ ಹೋಗ್ತಿದೆಯೋ ಗೊತ್ತಾಗಲ್ಲ ಅಂತ ಅದರ ದೇಶದಲ್ಲೇ ತಮಾಷೆ ಮಾಡುತ್ತಿದ್ದರಂತೆ. ಅಣ್ಣ ತಮ್ಮ ಇಬ್ಬರೂ ಅದನ್ನು ಎತ್ತಿನಗಾಡಿಗೆ ಕಟ್ಟಿ ಎಳೆಸಿಕೊಂಡು ಬಂದು, ದಿನದ ಕೆಲಸ ಮುಗಿಸಿದ ಮೇಲೆ ಒಂದೊಂದೇ ತಿರುಪು ಬಿಚ್ಚಿ, ತಿಕ್ಕಿ, ಚುಕ್ಕಿ ಹಾಕಿ, ಮತ್ತೆ ಜೋಡಿಸಿದರು. ನಾಲ್ಕು ವರ್ಷ ಹಿಡಿಯಿತು. ಕಂಪನಿ ಕಾರು ಮಾಡುವುದನ್ನೇ ನಿಲ್ಲಿಸಿ ಎಷ್ಟೋ ಕಾಲವಾಗಿತ್ತು, ಬಿಡಿಭಾಗ ಕೇಳಿದರೆ ಅಂಗಡಿಯವರು ನಗುತ್ತಿದ್ದರು. ಸಿಗದಿದ್ದದ್ದನ್ನು ಇವರೇ ಮಾಡಿಕೊಂಡರು.

ತಮ್ಮನಿಗೆ ಇಂಗ್ಲಿಷ್ ಬರುತ್ತಿತ್ತು. ಅದೆಲ್ಲಿಂದಲೋ ಹಳೆಯದೊಂದು ಪುಸ್ತಕ ತಂದು ಅಣ್ಣನಿಗೆ ಕಂಪನಿಯ ಕಥೆ ಓದಿ ಹೇಳುತ್ತಿದ್ದ. ಶುರುವಿನಲ್ಲಿ ಅದು ಕಾರಿನ ಕಂಪನಿಯೇ ಅಲ್ಲ, ಕಮ್ಮಾರರ ಮನೆ. ಐದು ಜನ ಅಣ್ಣತಮ್ಮಂದಿರು. ಇಬ್ಬರು ಕುಲುಮೆ ಹಾಕಿ ಕುದುರೆಗಾಡಿ ಮಾಡುತ್ತಿದ್ದರು. ಇನ್ನೊಬ್ಬ ಚಿನ್ನ ಅಗೆಯುತ್ತೇನೆ ಅಂತ ದೂರ ಹೋದವನು, ಚಿನ್ನ ಬಿಟ್ಟು ಅಗೆಯುವವರಿಗೆ ಕೈಗಾಡಿ ಮಾಡಿಕೊಟ್ಟ. ವರ್ಷಗಟ್ಟಲೆ ದುಡಿದದ್ದನ್ನು ತಂದು ಅಣ್ಣಂದಿರ ಕುಲುಮೆಗೆ ಸುರಿದ.

"ತಂದು ಸುರಿದನಾ? ಒಂದು ಮಾತೂ ಕೇಳದೆ?" ಮೇಸ್ತ್ರಿಗೆ ಅನುಮಾನ. "ಅದರಲ್ಲಿ ಹಂಗೇ ಬರೆದಿದೆಯೋ, ನೀನು ಸೇರಿಸ್ತಿದೀಯೋ?"

"ಹಂಗೇ ಇದೆ ಅಣ್ಣ. ಬೇಕಾದ್ರೆ ಬೇರೆಯವರ ಹತ್ರ ಓದಿಸು."

ಮೇಸ್ತ್ರಿ ಬೇರೆಯವರ ಹತ್ತಿರ ಓದಿಸಲಿಲ್ಲ. ಅಷ್ಟು ನಂಬಿಕೆ ಆಗ. ಗಾಡಿಯ ಅಡಿಯಲ್ಲಿ ಮಲಗಿ ಎಡಗೈ ಚಾಚಿದರೆ ಸಾಕು, ಯಾವ ಸೈಜಿನ ಸ್ಪ್ಯಾನರು ಅಂತ ಹೇಳುವ ಮೊದಲೇ ತಮ್ಮ ಅದನ್ನೇ ಕೈಗಿಡುತ್ತಿದ್ದ.

ಆ ಕಾರಿನಲ್ಲಿ ಮೇಸ್ತ್ರಿಯ ಜೀವ ಇದ್ದದ್ದು ಹಿಲ್ ಹೋಲ್ಡರ್ ಅನ್ನುವ, ಮುಷ್ಟಿಯಷ್ಟು ಗಾತ್ರದ ಡಬ್ಬಿಯಲ್ಲಿ. ಏರಿನಲ್ಲಿ ಗಾಡಿ ನಿಂತಾಗ ಕ್ಲಚ್ಚು ತುಳಿದುಕೊಂಡಿದ್ದರೆ ಸಾಕು, ಬ್ರೇಕಿನಿಂದ ಕಾಲು ತೆಗೆದರೂ ಹಿಂದಕ್ಕೆ ಜಾರದು. ಡಬ್ಬಿಯೊಳಗೆ ಗೋಲಿಗಿಂತ ಚಿಕ್ಕದಾದ ಒಂದು ಉಕ್ಕಿನ ಗುಂಡು ಇರುತ್ತದೆ. ಏರಿನಲ್ಲಿ ಅದು ತಾನಾಗಿ ಹಿಂದಕ್ಕೆ ಉರುಳಿ ಬ್ರೇಕ್ ಎಣ್ಣೆಯ ದಾರಿಗೆ ಅಡ್ಡ ಕೂರುತ್ತದೆ. ಗಾಡಿಯಿಂದ ಕಳಚಿದ ಡಬ್ಬಿಯನ್ನು ಅಲ್ಲಾಡಿಸಿದರೆ ಗುಂಡು ಗಲಗಲ ಅನ್ನಬೇಕು. ಇಡೀ ಕಾರಿನಲ್ಲಿ ಚುಕ್ಕಿ ಬೀಳದೆ ಉಳಿದದ್ದು ಆ ಗುಂಡೊಂದೇ. ಗಟ್ಟಿ ಉಕ್ಕು, ಪಂಚು ಇಟ್ಟರೆ ಪುಟಿದು ಓಡುತ್ತಿತ್ತು.

ತಮ್ಮ ಅದನ್ನು ಬಿಚ್ಚಿ ತೊಳೆದು ಮತ್ತೆ ಕೂರಿಸಿದ. ಬ್ರೇಕ್ ಎಣ್ಣೆ ತುಂಬಿದವನು ಮೇಸ್ತ್ರಿ. ಅಂಗಡಿಯ ಎಣ್ಣೆಗೆ ಕಲಬೆರಕೆ ಮಾಡಿರುತ್ತಾರೆ ಅಂತ ಅವನಿಗೆ ಗುಮಾನಿ, ಅದಕ್ಕೆ ಹರಳೆಣ್ಣೆಗೆ ಸ್ಪಿರಿಟ್ ಬೆರೆಸಿ ತಾನೇ ಎಣ್ಣೆ ಮಾಡಿಕೊಂಡಿದ್ದ. ಆಮೇಲೆ ಗೇರುಪೆಟ್ಟಿಗೆಯ ಕೆಲಸಕ್ಕೆ ಕಾರು ಎಂಟು ತಿಂಗಳು ಶೆಡ್ಡಿನಲ್ಲೇ ನಿಂತಿತು. ಎಲ್ಲ ಮುಗಿದು, ಹಿಂದಿನ ಸೀಟಿನಲ್ಲಿ ಹೆಂಡತಿ, ಪಕ್ಕದಲ್ಲಿ ತಮ್ಮ ಕೂತು, ನೀರಿನ ಟ್ಯಾಂಕಿನ ಏರಿಗೆ ಹೊರಟರು. ಅರ್ಧ ಏರಿನಲ್ಲಿ ನಿಲ್ಲಿಸಿ, ಕ್ಲಚ್ಚು ತುಳಿದು, ಮೇಸ್ತ್ರಿ ರಾಜನ ಹಾಗೆ ಬ್ರೇಕಿನಿಂದ ಕಾಲೆತ್ತಿದ. ಗಾಡಿ ಸೀದಾ ಹಿಂದಕ್ಕೆ ಜಾರಿ ಹಾಲಿನ ಬೂತಿನ ಗೋಡೆಗೆ ಗುದ್ದಿತು. ಯಾರಿಗೂ ಏನೂ ಆಗಲಿಲ್ಲ. ಬೂತಿನವನು ಮಾತ್ರ, "ಬರ್ತಿದೀರೋ ಹೋಗ್ತಿದೀರೋ?" ಅಂತ ಕೇಳಿದ.

ಶೆಡ್ಡಿಗೆ ಬಂದು ಮೇಸ್ತ್ರಿ ಡಬ್ಬಿಯನ್ನು ಗಾಡಿಯಿಂದ ಕಳಚಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಸದ್ದಿಲ್ಲ. ಇನ್ನೊಂದು ಕಿವಿಗೆ ಹಿಡಿದ. ಸದ್ದಿಲ್ಲ.

"ಇದನ್ನ ಕೊನೇಲಿ ತೆರೆದಿದ್ದು ಯಾರು?"

"ನಾನೇ ಅಣ್ಣ. ತೊಳೆದು ಗುಂಡು ಹಾಕಿ ಮುಚ್ಚಿದೀನಿ."

"ಹಾಕಿದ್ರೆ ಎಲ್ಲಿ ಹೋಯ್ತು? ರೆಕ್ಕೆ ಬಂತಾ?"

ಅಲ್ಲಿಂದ ಅನುಮಾನಕ್ಕೆ ರೆಕ್ಕೆ ಬಂತು. ಹಿಂದಿನ ವಾರ ತಮ್ಮ ಗುಜರಿಯಲ್ಲಿ ಯಾರ ಜೊತೆಗೋ ಮಾತಾಡುತ್ತಿದ್ದದ್ದು ನೆನಪಾಯಿತು. ತಮ್ಮನ ಮನೆಗೆ ಹೊಸ ರೇಡಿಯೋ ಬಂದದ್ದು ನೆನಪಾಯಿತು. ಅದು ತನ್ನ ಹೆಂಡತಿಯ ತವರಿನವರು ಕೊಟ್ಟದ್ದು ಅಂತ ತಮ್ಮ ಅಂದರೆ, ಅವರು ಈಗಲೇ ಯಾಕೆ ಕೊಟ್ಟರು ಅನ್ನುವ ಪ್ರಶ್ನೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಈ ಕಾರಿನ ಅಸಲಿ ಭಾಗಕ್ಕೆ ಬಾಯಿ ಬಿಡುವವರು ಎಲ್ಲೆಲ್ಲೂ ಇದ್ದಾರೆ, ತಮ್ಮ ಗುಂಡನ್ನು ಮಾರಿಕೊಂಡಿದ್ದಾನೆ ಅಂತ ಮೇಸ್ತ್ರಿ ತೀರ್ಮಾನ ಕೊಟ್ಟ.

"ಕೊಡಣ್ಣ, ಬಿಚ್ಚಿ ನೋಡೋಣ" ಅಂತ ತಮ್ಮ ಕೈ ಚಾಚಿದ.

"ಬಿಚ್ಚೋ ನೆಪದಲ್ಲಿ ಬೇರೆ ಗುಂಡು ಸೇರಿಸೋಕಾ? ನಿನ್ನ ಕೈಗೆ ಕೊಡಲ್ಲ. ಯಾರ ಕೈಗೂ ಕೊಡಲ್ಲ. ಇದು ಸಾಕ್ಷಿ."

"ಅಣ್ಣ, ನಾನು ತಗೊಂಡಿಲ್ಲ. ತೋರಿಸೋಕೆ ಗುರುತಿಲ್ಲ ನನ್ನ ಹತ್ರ. ನನ್ನ ಮಾತು ಅಷ್ಟೇ."

"ಮಾತಿಗೆ ಪಂಚ್ ಹೊಡೆಯೋಕಾಗಲ್ಲ ಕಣೋ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತಮ್ಮ ಸ್ಪ್ಯಾನರುಗಳನ್ನು ಒರೆಸಿ, ಸೈಜಿನ ಪ್ರಕಾರ ಸಾಲಾಗಿ ಇಟ್ಟು, ಅಂಗಳ ದಾಟಿ ಹೋದ. ಮೇಸ್ತ್ರಿ ಡಬ್ಬಿಯ ಸಂದುಗಳಿಗೆಲ್ಲ ಅರಗು ಕರಗಿಸಿ ಸುರಿದು, ಬಟ್ಟೆ ಸುತ್ತಿ, ಟ್ರಂಕಿನಲ್ಲಿಟ್ಟು ಬೀಗ ಜಡಿದ. ಒಡಹುಟ್ಟಿದವನೇ ಕಳ್ಳ ಅಂದಮೇಲೆ ಯಾವ ಗ್ಯಾರೇಜು ತಾನೇ ಅವನನ್ನು ಒಳಗೆ ಬಿಟ್ಟೀತು? ಇಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುತ್ತಿದ್ದ ಕಸುಬುಗಾರ ರೈಲ್ವೆ ಗೇಟಿನ ಆಚೆ ಪಂಕ್ಚರ್ ಅಂಗಡಿ ಇಟ್ಟುಕೊಂಡ.

ಇಪ್ಪತ್ತಾರು ವರ್ಷ. ಮೇಸ್ತ್ರಿ ಆಮೇಲೂ ಗಾಡಿಗಳ ಅಡಿಯಲ್ಲಿ ಮಲಗಿದ, ಮರೆತು ಎಡಗೈ ಚಾಚಿದ, ಖಾಲಿ ಕೈಯನ್ನು ಹಾಗೇ ಹಿಂದಕ್ಕೆಳೆದುಕೊಂಡ. ಬಂದವರಿಗೆಲ್ಲ ಕಾರು ತೋರಿಸಿ ಗುಂಡಿನ ಕಳ್ಳತನದ ಕಥೆ ಹೇಳಿದ. ಹೆಂಡತಿ ಬುಧವಾರ ಬುಧವಾರ ಹಿಟ್ಟಿನ ಗಿರಣಿಗೆ ಹೋದರೆ ಬರುವುದು ಎರಡು ಗಂಟೆ ಬಿಟ್ಟು. ಗಿರಣಿ ಇರುವುದು ಪಕ್ಕದ ಬೀದಿಯಲ್ಲಿ. ಎಲ್ಲಿಗೆ ಹೋಗುತ್ತಾಳೆ ಅಂತ ಅವನಿಗೆ ಅನುಮಾನ ಇದ್ದೇ ಇತ್ತು. ಆದರೆ ಅದೊಂದನ್ನು ಮಾತ್ರ ಅವನು ಎಂದೂ ಕೇಳಲಿಲ್ಲ.

ಡಾಕ್ಟರಮ್ಮ ಭಾನುವಾರ ಬೆಳಿಗ್ಗೆ ಬಂದರು. ಐವತ್ತರ ಹತ್ತಿರದವರು, ಕೈಯಲ್ಲೊಂದು ಚರ್ಮದ ಚೀಲ. ಕಾರು ನೋಡಿದ್ದೇ ತಡ, ಸೀರೆಯ ಸೆರಗು ಸಿಕ್ಕಿಸಿಕೊಂಡು ನೆಲಕ್ಕೆ ಮಂಡಿಯೂರಿ ಅಡಿಗೆ ಇಣುಕಿದರು. ಅವರ ತಂದೆಯ ಹತ್ತಿರ ಇಂಥದೇ ಕಾರಿತ್ತಂತೆ. ಮೇಸ್ತ್ರಿಗೆ ಅದೂ ನಂಬಿಕೆಯಾಗಲಿಲ್ಲ.

"ಹಿಲ್ ಹೋಲ್ಡರ್ ಇದ್ದ ಜಾಗ ಖಾಲಿ ಇದೆಯಲ್ಲ ಮೇಸ್ತ್ರಿ?"

ಅಷ್ಟು ಕೇಳಿದ್ದೇ ಸಾಕಾಯಿತು. ಟ್ರಂಕು ತೆರೆದು, ಬಟ್ಟೆ ಬಿಚ್ಚಿ, ಅರಗಿನ ಡಬ್ಬಿಯನ್ನು ಅಂಗೈ ಮೇಲಿಟ್ಟುಕೊಂಡು ಮೇಸ್ತ್ರಿ ಕಥೆ ಶುರುಮಾಡಿದ. ರೇಡಿಯೋದವರೆಗೂ ಹೇಳಿ ಮುಗಿಸಿದ. ಡಾಕ್ಟರಮ್ಮ ತಾಳ್ಮೆಯಿಂದ ಕೇಳಿಸಿಕೊಂಡರು.

"ಬಿಚ್ಚಿ ನೋಡಿದಾಗ ಒಳಗೆ ಗುಂಡು ಇರಲಿಲ್ಲ, ಅಲ್ವಾ?"

"ಅಲ್ಲಾಡಿಸಿದೆ. ಸದ್ದಿರಲಿಲ್ಲ."

"ಅದು ಸರಿ. ಬಿಚ್ಚಿ ನೋಡಿದಾಗ?"

ಮೇಸ್ತ್ರಿ ಡಬ್ಬಿಯ ಅರಗನ್ನು ಉಗುರಿನಿಂದ ಸವರಿದ. ಕಾಫಿ ತಂದ ಹೆಂಡತಿ ಬಾಗಿಲಲ್ಲೇ ನಿಂತಳು. "ಏನ್ರೀ? ನೀವು ಅದನ್ನ ತೆರೆದೇ ಇಲ್ವಾ? ಇಷ್ಟು ವರ್ಷದಲ್ಲಿ?"

"ತೆರೆದ್ರೆ ಸಾಕ್ಷಿ ಹಾಳಾಗುತ್ತೆ ಅಂತ..." ಅಂದ. ಹೇಳುತ್ತಿರುವಾಗಲೇ ಆ ಮಾತು ಅವನ ಕಿವಿಗೇ ಕೆಟ್ಟದಾಗಿ ಕೇಳಿಸಿತು.

ಡಾಕ್ಟರಮ್ಮ ಡಬ್ಬಿಗೆ ಕೈ ಚಾಚಿದರು. ಅವನು ಕೊಡಲಿಲ್ಲ. ಈ ಹೆಂಗಸಿನ ಮುಷ್ಟಿಯಲ್ಲಿ ಒಂದು ಗುಂಡು ಇಲ್ಲ ಅನ್ನುವುದಕ್ಕೇನು ಗ್ಯಾರಂಟಿ? ಅವರು ನಕ್ಕು ಎರಡೂ ಅಂಗೈ ಬಿಡಿಸಿ ತೋರಿಸಿ, ಚೀಲದಿಂದ ಹಲ್ಲಿನ ಸಂದು ಕೆದಕುವ ಕೊಕ್ಕೆಯ ಕಡ್ಡಿ ತೆಗೆದು ಅವನ ಮುಂದಿಟ್ಟರು. "ನೀವೇ ತೆಗೀರಿ. ನಾನು ದೂರ ನಿಲ್ತೀನಿ."

ಅರಗು ಕೆತ್ತಿ, ಮುಚ್ಚಳದ ತಿರುಪು ಬಿಚ್ಚಲು ಅರ್ಧ ಗಂಟೆ ಬೇಕಾಯಿತು. ಕಾಫಿ ಆರಿತು. ಒಳಗೆ ಕಂದು ಬಣ್ಣದ ಜಿಡ್ಡು, ಬೆಲ್ಲದ ಪಾಕ ಗಟ್ಟಿಯಾದಂತೆ ಮೂಲೆಯವರೆಗೂ ಮೆತ್ತಿಕೊಂಡಿತ್ತು. ಮೂಸಿ ನೋಡಿದ. ಹರಳೆಣ್ಣೆ. ಅವನದೇ ಹರಳೆಣ್ಣೆ. ಕೊಕ್ಕೆ ಹಾಕಿ ಎಳೆದ. ಕಡ್ಡಿಯ ತುದಿ ಗಟ್ಟಿಯಾದ ಏನಕ್ಕೋ ತಾಗಿತು. ಇನ್ನೊಂದು ಸಲ ಎಳೆದಾಗ ಜಿಡ್ಡಿನ ಸಮೇತ ಗುಂಡು ಕಿತ್ತು ಬಂದು ಅವನ ಅಂಗೈಗೆ ಬಿತ್ತು.

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ ಅನ್ನುತ್ತಾರೆ. ಇವನು ಕೂಸಿಗೆ ಅರಗು ಬೇರೆ ಹಚ್ಚಿ ಬೀಗ ಹಾಕಿದ್ದ. ಮೇಸ್ತ್ರಿಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ಹೆದರಿಕೆಯಾಯಿತು. ತಮ್ಮ ಕಳ್ಳ ಅನ್ನುವುದೊಂದನ್ನೇ ಆತುಕೊಂಡು ಇಷ್ಟು ವರ್ಷ ನಿಂತಿದ್ದ, ಈಗ ಕಾಲ ಕೆಳಗೆ ಏನೂ ಇರಲಿಲ್ಲ.

"ಕಾರು ಮಾರೋ ವಿಷಯ ಈಗ ಬೇಡ ಡಾಕ್ಟರಮ್ಮ" ಅಂದ. "ಇದು ನನ್ನೊಬ್ಬನದಲ್ಲ." ಆಮೇಲೆ ಹೆಂಡತಿಯ ಕಡೆ ತಿರುಗಿ, "ಅವನ ಮನೆ ಎಲ್ಲಿ ಬರುತ್ತೆ?" ಅಂತ ಕೇಳಿದ.

"ಚಪ್ಪಲಿ ಮೆಟ್ಕೊಳ್ಳಿ. ದಾರಿ ನನಗೆ ಗೊತ್ತು" ಅಂದಳು ಅವಳು.

ರೈಲ್ವೆ ಗೇಟಿನ ಆಚೆಯ ಅಂಗಡಿಯಲ್ಲಿ, ಟಯರುಗಳ ರಾಶಿಯ ನಡುವೆ, ತಲೆ ಬೆಳ್ಳಗಾದ ಒಬ್ಬ ಮುದುಕ ನೀರಿನ ತೊಟ್ಟಿಯಲ್ಲಿ ಟ್ಯೂಬು ಮುಳುಗಿಸಿ ಗುಳ್ಳೆ ಹುಡುಕುತ್ತಿದ್ದ. ತಮ್ಮ ಮುದುಕನಾಗಿರುತ್ತಾನೆ ಅಂತ ಮೇಸ್ತ್ರಿ ಯೋಚಿಸಿಯೇ ಇರಲಿಲ್ಲ. ಅತ್ತಿಗೆಯನ್ನು ನೋಡಿ ನಕ್ಕವನು ಹಿಂದೆ ನಿಂತಿದ್ದವನನ್ನು ಕಂಡು ಟ್ಯೂಬನ್ನು ಮೆಲ್ಲಗೆ ಕೆಳಗಿಟ್ಟ.

ಮೇಸ್ತ್ರಿ ಅಂಗೈ ಬಿಡಿಸಿದ. "ಒಳಗೇ ಇತ್ತು ಕಣೋ. ಜಿಡ್ಡಲ್ಲಿ ಅಂಟ್ಕೊಂಡಿತ್ತು. ನಾನು ಹಾಕಿದ ಎಣ್ಣೆ."

ತಮ್ಮ ಕೈ ಒರೆಸಿಕೊಂಡು ಗುಂಡನ್ನು ಎರಡು ಬೆರಳಲ್ಲಿ ಹಿಡಿದ. ಬಿಸಿಲಿಗೆ ಹಿಡಿದು ಸುತ್ತ ತಿರುಗಿಸಿ ನೋಡಿದ.

"ಇದೇ ಅದು ಅಂತ ನಾನು ಹೇಗೆ ತಿಳ್ಕೊಳ್ಳಲಿ ಅಣ್ಣ? ಬೇರಿಂಗ್ ಅಂಗಡೀಲಿ ಇಂಥವು ಡಬ್ಬಿಗಟ್ಟಲೆ ಸಿಗ್ತವೆ. ವಯಸ್ಸಾಯ್ತು, ರಾಜಿ ಆಗೋಣ ಅಂತ ಒಂದು ತಂದಿರಬಹುದು ನೀನು. ಗುರುತೇನಿದೆ?"

ಹೆಂಡತಿ ಏನೋ ಹೇಳಲು ಬಾಯಿ ತೆರೆದಳು. "ನೀವು ಸುಮ್ನಿರಿ ಅತ್ತಿಗೆ" ಅಂದ ತಮ್ಮ. "ಅವನೇ ಹೇಳಲಿ."

ಕೊಡೆಗೆ, ಟಾರ್ಚಿಗೆ, ಡಬ್ಬದ ಮುಚ್ಚಳಕ್ಕೆ ಗುರುತು ಹಾಕಿದ್ದ ಮನುಷ್ಯ ಆ ಗುಂಡಿನ ಮೇಲೆ ಮೂರು ಚುಕ್ಕಿಗಾಗಿ ಹುಡುಕುವವನ ಹಾಗೆ ನೋಡಿದ.

"ಗುರುತಿಲ್ಲ" ಅಂದ. "ನನ್ನ ಮಾತು ಅಷ್ಟೇ."

ತಮ್ಮ ಅವನ ಮುಖ ನೋಡಿದ. ಆಮೇಲೆ ಗುಂಡನ್ನು ಅಂಗಿಯ ಜೇಬಿಗೆ ಹಾಕಿಕೊಂಡು, ಸ್ಟೂಲಿನ ಮೇಲಿದ್ದ ಟ್ಯೂಬುಗಳನ್ನು ತೆಗೆದು ಅಣ್ಣನಿಗೆ ಜಾಗ ಮಾಡಿದ.

"ಸರಿ, ನಂಬಿದೆ" ಅಂದ. "ನೋಡು, ಇಷ್ಟೇ ಹೊತ್ತು ಹಿಡಿಯೋದು."