ಕಂಡಕ್ಟರ್ ಆದಿನಾರಾಯಣಪ್ಪನ ಹೊಸ ಬಚ್ಚಲು

ವಿಜಯಪುರದಲ್ಲಿ ಬದುಕುವವನಿಗೆ ಮೂಗು ಇರಬಾರದು. ಬೆಳಗಾದರೆ ಬೀದಿಬೀದಿಯಲ್ಲೂ ರೇಷ್ಮೆಗೂಡು ಬೇಯಿಸುವ ಒಲೆ ಹೊತ್ತಿಕೊಳ್ಳುತ್ತದೆ. ನೂಲು ಬಿಚ್ಚಿದ ಮೇಲೆ ಉಳಿದ ಸತ್ತ ಹುಳು ಬುಟ್ಟಿಗೆ ಬೀಳುತ್ತದೆ, ಬುಟ್ಟಿಯಿಂದ ಚರಂಡಿಯ ಪಕ್ಕಕ್ಕೆ ಬೀಳುತ್ತದೆ, ಅಲ್ಲೇ ಬಿಸಿಲಿಗೆ ಕೊಳೆಯುತ್ತದೆ. ಊರಿನವರು ಅದನ್ನು ವಾಸನೆ ಅನ್ನುವುದೇ ಇಲ್ಲ, ಅನ್ನ ಕೊಡುವ ಕಸುಬು ಅನ್ನುತ್ತಾರೆ. ಅಂಥ ಊರಿಗೆ ದೇವರು ಆದಿನಾರಾಯಣಪ್ಪನನ್ನು ಬೇಟೆನಾಯಿಯ ಮೂಗು ಕೊಟ್ಟು ಕಳಿಸಿದ್ದ.

ಆದಿನಾರಾಯಣಪ್ಪ ಸರ್ಕಾರಿ ಬಸ್ಸಿನ ಕಂಡಕ್ಟರು. ವಿಜಯಪುರದಿಂದ ದೊಡ್ಡಬಳ್ಳಾಪುರಕ್ಕೆ ಹೋಗಿಬರುವ ಬಸ್ಸಿನಲ್ಲಿ ಅವನ ಕತ್ತಿನ ಸುತ್ತ ಸದಾ ಒಂದು ಬಿಳಿ ಕರ್ಚೀಫು, ಅದರ ಮೂಲೆಯಲ್ಲಿ ಗಂಟು ಕಟ್ಟಿದ ಕರ್ಪೂರ. ಗೂಡಿನ ಮಂಕರಿ ಹೊತ್ತವರು ಹಿಂದಿನ ಬಾಗಿಲಲ್ಲಿ ಕಾಲಿಟ್ಟರೆ ಮುಂದಿನ ಬಾಗಿಲಿನಿಂದಲೇ, "ಹುಳ ತಂದೋರು ಟಾಪ್ ಮೇಲ್ ಹತ್ಕಳ್ರಪ್ಪಾ" ಎಂದು ಕೂಗುತ್ತಿದ್ದ. ಯಾರ ಚೀಲದಲ್ಲಿ ಒಣಮೀನಿದೆ, ಯಾರು ನಿನ್ನೆಯ ಶರಟನ್ನೇ ಇವತ್ತೂ ಹಾಕಿಕೊಂಡು ಬಂದಿದ್ದಾರೆ, ಎಲ್ಲವನ್ನೂ ಅವನ ಮೂಗು ಹೇಳಿಬಿಡುತ್ತಿತ್ತು. ಚಿಲ್ಲರೆಯನ್ನು ಬೆರಳ ತುದಿಯಲ್ಲಿ ಹಿಡಿಯುತ್ತಿದ್ದ. ಜನ ಅವನ ಬೆನ್ನ ಹಿಂದೆ ನಗುತ್ತಿದ್ದರು, ಎದುರಿಗೆ ಬಂದಾಗ ಗೌರವ ಕೊಡುತ್ತಿದ್ದರು. ಶುದ್ಧವಾಗಿರುವ ಮನುಷ್ಯನ ಮುಂದೆ ಎಲ್ಲರಿಗೂ ತಮ್ಮ ಮೈ ಬಗ್ಗೆ ಸ್ವಲ್ಪ ಅನುಮಾನ ಬರುತ್ತದೆ.

ಇಂಥವನ ಮನೆಯ ಹಿತ್ತಿಲಲ್ಲಿ ಇದ್ದದ್ದು ಊರಿಗೇ ಕೆಟ್ಟ ಬಚ್ಚಲು.

ಅವನ ತಾತನ ಕಾಲದ್ದು. ಮಣ್ಣಿನ ಗೋಡೆ, ಮಸಿ ಹಿಡಿದ ಸೂರು, ಮೂಲೆಯಲ್ಲಿ ಒಲೆಯ ಮೇಲೆ ಕೂರಿಸಿದ ತಾಮ್ರದ ಹಂಡೆ. ನಡುಮನೆಯಿಂದ ಒಂದು ಮೊಣಕಾಲುದ್ದ ಕೆಳಕ್ಕೆ ಇಳಿಯಬೇಕು. ಇಳಿದರೆ ಓರೆಯಾದ ಒಂದು ಚಪ್ಪಡಿ, ಅದರ ಮೇಲೆ ಬೆರಳದಪ್ಪ ಲೋಳೆ. ಗೋಡೆಯ ಬುಡದಲ್ಲಿ ತೂಬು, ಅದರಾಚೆ ತೆರೆದ ಗುಂಡಿ, ಗುಂಡಿಯ ತುಂಬ ಕರ್ರಗಿನ ನೀರು, ನೀರಿನ ಮೇಲೆ ಸೊಳ್ಳೆ. ತೂಬಿನಿಂದ ಜರಿಗಳು ಯಾರ ಅಪ್ಪಣೆಯನ್ನೂ ಕೇಳದೆ ಒಳಗೆ ಬಂದುಹೋಗುತ್ತಿದ್ದವು. ಆದಿನಾರಾಯಣಪ್ಪ ಅದರೊಳಕ್ಕೆ ಕಾಲಿಡುತ್ತಿರಲಿಲ್ಲ. ಅವನ ಸ್ನಾನ ಬಾವಿಕಟ್ಟೆಯ ಮೇಲೆ, ಬಿಸಿಲು ಗಾಳಿಯಲ್ಲಿ, ಪಂಚೆ ಉಟ್ಟುಕೊಂಡು. ಗಂಡಸಿಗೆ ಏನಂತೆ, ಎಲ್ಲಿ ನೀರಿದೆಯೋ ಅಲ್ಲೇ ಬಚ್ಚಲು. ಹೆಂಡತಿ ಅಮ್ಮಯಮ್ಮ ಮತ್ತು ಮಗಳು ಭಾಗ್ಯಮ್ಮ ಮಾತ್ರ ಆ ಕತ್ತಲಲ್ಲಿ ಮೈ ತೊಳೆದುಕೊಳ್ಳುತ್ತಿದ್ದರು.

ತೂಬು ತಿಂಗಳಿಗೊಮ್ಮೆ ಕಟ್ಟಿಕೊಳ್ಳುತ್ತಿತ್ತು. ಆಗ ಆ ವಾಸನೆ ಅವನ ಊಟದ ಎಲೆಯವರೆಗೂ ಬರುತ್ತಿತ್ತು. "ಥೂ, ಏನ್ ಹೇಸಿಗೆನೇ ಇದು, ಉಣ್ಣೋಕಾಗುತ್ತಾ ಮನುಷ್ಯನಿಗೆ" ಎಂದು ಎಲೆ ತಳ್ಳಿ ಡ್ಯೂಟಿಗೆ ಹೋಗುತ್ತಿದ್ದ. ಸಂಜೆ ಬರುವಷ್ಟರಲ್ಲಿ ವಾಸನೆ ಹೋಗಿರುತ್ತಿತ್ತು. ಹೇಗೆ ಹೋಯಿತು ಎಂದು ಅವನು ಕೇಳಿದವನಲ್ಲ.

ಎಪ್ಪತ್ತೆರಡರ ದಸರಾಕ್ಕೆ ಹೊಸಕೋಟೆಯಿಂದ ಬೀಗಿತಿ ಸಪ್ಪಲಮ್ಮ ಬಂದರು. ಅವರ ಮನೆಗೆ ಸೊಸೆಯಾಗಿ ಹೋಗಿದ್ದ ಭಾಗ್ಯಮ್ಮ ಆಗ ಆರು ತಿಂಗಳ ಬಸುರಿ. ಚೊಚ್ಚಲ ಬಾಣಂತನ ತವರಿನದು, ಅದನ್ನು ಮಾತಾಡಿ ಹೋಗಲು ಬಂದವರು ಕಾಲು ತೊಳೆಯಲು ಬಚ್ಚಲಿಗೆ ಇಳಿದರು. ಚಪ್ಪಡಿ ಅವರ ದೊಡ್ಡಸ್ತಿಕೆಯನ್ನು ನೋಡಲಿಲ್ಲ. ಜಾರಿ ಬಿದ್ದು, ಸೀರೆಯ ಹಿಂಬದಿಗೆಲ್ಲ ಲೋಳೆ ಮೆತ್ತಿಕೊಂಡು ಎದ್ದು ಬಂದ ಸಪ್ಪಲಮ್ಮ ಕೂಗಾಡಲಿಲ್ಲ. ಸೆರಗನ್ನು ದೂರಕ್ಕೆ ಹಿಡಿದುಕೊಂಡು, "ಅಮ್ಮಯಮ್ಮಾರೇ, ಬಾಣಂತನ ನಮ್ಮನೇಲೇ ಆಗ್ಲಿ ಬಿಡಿ. ಹಸೀ ಮೈಯೋಳ್ನ ಈ ಕೊಚ್ಚೇಲಿ ಕೂರ್ಸೋಕೆ ನನಗೆ ಮನಸ್ಸಿಲ್ಲ" ಎಂದರು.

ಮಗಳ ಮೊದಲ ಹೆರಿಗೆಗೆ ಬಾಗಿಲು ಮುಚ್ಚಿಕೊಂಡ ತವರು ಅನ್ನಿಸಿಕೊಳ್ಳುವುದಕ್ಕಿಂತ ತಾಯಿಗೆ ಬೇರೆ ಅವಮಾನವಿಲ್ಲ. ಆ ಸಂಜೆ ಅಮ್ಮಯಮ್ಮ ಗಂಡನ ಮುಂದೆ ನಿಂತಳು. ಮದುವೆಯಾದಾಗಿನಿಂದ ಬಾಯಿಬಿಟ್ಟು ಏನನ್ನೂ ಕೇಳದ ಹೆಂಗಸು.

"ಬಚ್ಚಲು ಮಾಡಿಸ್ಕೊಡಿ. ಸೀರೆ ಬೇಡ, ಒಡವೆ ಬೇಡ. ನನ್ ಮಗಳು ನನ್ ಮನೇಲಿ ನೀರು ಹುಯ್ಸ್ಕೋಬೇಕು."

"ಮಾಡಿಸ್ತೀನಿ ಬಿಡು" ಎಂದ ಆದಿನಾರಾಯಣಪ್ಪ. "ಬೆಂಗಳೂರ್ನೋರು ಬಂದು ನೋಡ್ಬೇಕು, ಹಂಗ್ ಮಾಡಿಸ್ತೀನಿ."

ಅವನ ತಲೆಯಲ್ಲಿ ಇದ್ದದ್ದು ಒಮ್ಮೆ ಬೆಂಗಳೂರಿನಲ್ಲಿ ಮೇಲಧಿಕಾರಿಯೊಬ್ಬರ ಕ್ವಾರ್ಟರ್ಸಿನಲ್ಲಿ ಕಂಡ ಸ್ನಾನದ ಮನೆ. ಒಣಗಿದ ನೆಲ, ಮನೆಯ ಮಟ್ಟಕ್ಕೇ ಇದ್ದ ನೆಲ, ಮೂಲೆಯಲ್ಲಿ ಅಂಗೈಯಗಲದ ಜಾಲರಿ. ಅಲ್ಲಿ ಯಾರಾದರೂ ಸ್ನಾನ ಮಾಡಿದ್ದಾರೆ ಎಂಬ ಗುರುತೇ ಇರಲಿಲ್ಲ. ಅದು ಅವನಿಗೆ ದೇವಸ್ಥಾನದಂತೆ ಕಂಡಿತ್ತು.

ರಜೆ ಹಾಕಿ ಗಾರೆ ಕೆಲಸದ ಪಿಳ್ಳಣ್ಣನನ್ನು ಕರೆಸಿದ. ಹಳೆಯ ಚಪ್ಪಡಿಯನ್ನು ಹಾರೆಯಿಂದ ಮೀಟಿ ಎಬ್ಬಿಸಿದ ದಿನ ಬೀದಿಯವರೆಲ್ಲ ಬಾಗಿಲು ಹಾಕಿಕೊಂಡರು. ಅಡಿಯಲ್ಲಿ ಇದ್ದದ್ದು ಮಣ್ಣಲ್ಲ. ಸೀಗೆಪುಡಿ, ಎಣ್ಣೆ, ಉದುರಿದ ಕೂದಲು, ಸೋಪಿನ ಜಿಡ್ಡು, ಮೂರು ತಲೆಮಾರಿನ ಮೈಕೊಳೆ, ಎಲ್ಲ ಸೇರಿ ಕೊಳೆತು ಕಪ್ಪು ಅಂಬಲಿಯಾಗಿ ಬಸಬಸ ಉಸಿರಾಡುತ್ತಿತ್ತು. ಬಿಳಿ ಹುಳುಗಳು ಬೆಳಕು ಕಂಡು ವಿಲವಿಲನೆ ಹೊರಳಾಡಿದವು. ಬಾವಿಕಟ್ಟೆಯ ಹತ್ತಿರ ಕರ್ಪೂರ ಮೂಸುತ್ತ ನಿಂತಿದ್ದ ಆದಿನಾರಾಯಣಪ್ಪ ನುಗ್ಗೆಮರದ ಬುಡಕ್ಕೆ ಓಡಿ ಬೆಳಗಿನ ಮುದ್ದೆಯನ್ನೆಲ್ಲ ಕಕ್ಕಿದ.

ಬಾಯಿ ಒರೆಸಿಕೊಂಡು ಹೆಂಡತಿಯ ಮೇಲೆ ಎಗರಿದ. "ಇಂಥಾ ಹೇಸಿಗೇನ ಮನೇಲಿಟ್ಕೊಂಡು ಹೆಂಗೇ ಬಾಳ್ದೆ ನೀನು? ಹೆಂಗಸಿಗೆ ಒಂಚೂರು ಅಸಹ್ಯ ಅನ್ನೋದ್ ಬೇಡ್ವಾ?"

ಪಿಳ್ಳಣ್ಣ ಎಬ್ಬಿಸಿದ ಕೊಚ್ಚೆಯನ್ನು ಮಂಕರಿಯಲ್ಲಿ ತುಂಬಿ ಅಮ್ಮಯಮ್ಮ ತಿಪ್ಪೆಗೆ ಹೊತ್ತಳು.

ಹೊಸ ಬಚ್ಚಲು ಎದ್ದಿತು. ಕೆಳಕ್ಕೆ ಇಳಿಯುವುದೇ ಬೇಡ ಎಂದು ನೆಲವನ್ನು ನಡುಮನೆಯ ಮಟ್ಟಕ್ಕೆ ಏರಿಸಿದ. ಕೆಂಪು ಗಾರೆ ಹಾಕಿಸಿ, ತೆಂಗಿನೆಣ್ಣೆ ಬಳಿದು, ಮುಖ ಕಾಣುವಂತೆ ತಿಕ್ಕಿಸಿದ. ಗುಂಡಿಯ ಮೇಲೆ ಕಲ್ಲು ಮುಚ್ಚಿಸಿದ. ತೂಬಿನ ಜಾಗಕ್ಕೆ ಸಣ್ಣ ಪೈಪು, ಅದರ ಬಾಯಿಗೆ ಸಣ್ಣ ಕಣ್ಣಿನ ಜಾಲರಿ, ಅದನ್ನೂ ಸಿಮೆಂಟಿನಲ್ಲಿ ಕೂರಿಸಿದ. ಅವನ ಲೆಕ್ಕ ಸರಳ: ನಾತ ಬರುವುದು ಬಿಲದಿಂದ, ಬಿಲ ಸಣ್ಣದಾದಷ್ಟೂ ನಾತ ಸಣ್ಣದು.

"ಬಾಣಂತಿ ನೀರು ಹೋಗ್ಬೇಕಲ್ಲ ಇದ್ರಲ್ಲಿ" ಎಂದಳು ಅಮ್ಮಯಮ್ಮ, ಬಾಗಿಲಿಗೆ ಒರಗಿ.

"ನೀರಲ್ವೇನೇ? ಬಾಣಂತೀದಾದ್ರೇನು, ಬಸಪ್ಪಂದಾದ್ರೇನು, ನೀರು ನೀರೇ. ನೀನು ಒಳಗೋಗು."

ಪಿಳ್ಳಣ್ಣ ತನಗೇಕೆ ಎಂದು ಜಾಲರಿಯ ಸುತ್ತ ಸಿಮೆಂಟು ತೀಡಿದ.

ಮೊದಲ ಸ್ನಾನ ಯಜಮಾನನದೇ. ಪೂಜೆ ಮಾಡಿ, ಎರಡು ಬಕೀಟು ನೀರನ್ನು ನಾಜೂಕಾಗಿ ಹುಯ್ದುಕೊಂಡ. ನೀರು ಸಾಲಾಗಿ ಜಾಲರಿಯೊಳಗೆ ಇಳಿಯಿತು. ಬೀದಿಯವರು ಬಂದು ನೋಡಿ ಹೊಗಳಿದರು. ಸಪ್ಪಲಮ್ಮನವರಿಗೆ ಹೇಳಿಕಳಿಸಿದ್ದಾಯಿತು, ಭಾಗ್ಯಮ್ಮ ಬಂದಳು, ಸಂಕ್ರಾಂತಿ ಕಳೆದು ಊರಿನ ಆಸ್ಪತ್ರೆಯಲ್ಲಿ ಗಂಡುಮಗು ಹೆತ್ತಳು. ಅಮ್ಮಯಮ್ಮನ ಮುಖದಲ್ಲಿ ಹಿಂದೆಂದೂ ಇರದ ಕಳೆ ಬಂತು.

ಬಾಣಂತಿಯ ನೀರು ಎಂದರೇನು ಎಂದು ಗಂಡಸರಿಗೆ ಗೊತ್ತಿರುವುದಿಲ್ಲ. ಆ ಹೊತ್ತಿಗೆ ಅವರನ್ನು ಹೊರಗೆ ಅಟ್ಟಿರುತ್ತಾರೆ. ಹನ್ನೊಂದನೆಯ ದಿನ, ಪುರುಡು ಕಳೆಯುವ ಸ್ನಾನಕ್ಕೆ, ನೀರು ಹುಯ್ಯುವುದರಲ್ಲಿ ಕೈ ಪಳಗಿದ ಮುದುಕಿ ಕದಿರಮ್ಮ ಮುಂಜಾನೆಯೇ ಬಂದು ಸೀರೆ ಎತ್ತಿ ಕಟ್ಟಿದಳು. ಹರಳೆಣ್ಣೆಗೆ ಅರಿಶಿನ ಕಲೆಸಿ ಭಾಗ್ಯಮ್ಮನ ತಲೆಯಿಂದ ಪಾದದವರೆಗೆ ತಿಕ್ಕಿದಳು. ಕಡಲೆಹಿಟ್ಟು ಹಚ್ಚಿ ಎಣ್ಣೆ ತೆಗೆದಳು, ತಲೆಗೆ ಸೀಗೆಪುಡಿ ಮೆತ್ತಿದಳು. ಆಮೇಲೆ ಕುದಿಯುವ ಹಂಡೆಯಿಂದ ಚೊಂಬಿನ ಮೇಲೆ ಚೊಂಬು, ಸೊಂಟಕ್ಕೆ, ಬೆನ್ನಿಗೆ, ರಪರಪ ಬಾರಿಸಿದಂತೆ ಹುಯ್ದಳು. ಹಂಡೆ ಖಾಲಿಯಾದರೆ ಮತ್ತೊಂದು ಕಾದು ನಿಂತಿತ್ತು. ಕೂಸನ್ನೂ ಕಾಲ ಮೇಲೆ ಮಲಗಿಸಿಕೊಂಡು ಅಲ್ಲೇ ನೀರು ಹುಯ್ದಳು. ಆ ನೀರಿನಲ್ಲಿ ಎಣ್ಣೆ, ಹಿಟ್ಟು, ಸೀಗೆ, ಉದುರುವ ಕೂದಲು, ಹಸೀ ಮೈಯ ರಕ್ತ, ಎಲ್ಲವೂ ಇರುತ್ತದೆ.

ಆ ಹೊತ್ತಿಗೆ ಸಪ್ಪಲಮ್ಮನವರು ಮೊದಲ ಬಸ್ಸಿಗೇ ಬಂದು ನಡುಮನೆಯಲ್ಲಿ ಚಾಪೆಯ ಮೇಲೆ ಕೂತಿದ್ದರು. ಮುಂದೆ ಎಲೆ, ಎಲೆಯಲ್ಲಿ ಬಿಸಿ ಉಪ್ಪಿಟ್ಟು. ಆದಿನಾರಾಯಣಪ್ಪ ಬಚ್ಚಲಿನ ನೆಲ ಹೇಗೆ ಹೊಳೆಯುತ್ತದೆ ಎಂದು ವಿವರಿಸುತ್ತಿದ್ದ. ಮಾತಿನ ನಡುವೆ ಅವನ ಮೂಗು ಸಣ್ಣಗೆ ಅದುರಿತು.

ಬಚ್ಚಲಿನ ಬಾಗಿಲ ಕೆಳಗಿನಿಂದ ಹಳದಿ ನೀರು ನುಸುಳಿ ಬಂತು. ಇಳಿಜಾರಿಲ್ಲ, ಮೆಟ್ಟಿಲಿಲ್ಲ, ತಡೆಯುವವರು ಯಾರು? ಮಟ್ಟಸವಾದ ನೆಲದ ಮೇಲೆ ಎಣ್ಣೆಯ ಪದರ ಮಿರುಗಿಸುತ್ತ, ಸೀಗೆಯ ನೊರೆ ತಳ್ಳಿಕೊಂಡು, ಕೂದಲಿನ ಎಳೆಗಳನ್ನು ಹೊತ್ತು, ಅಲ್ಲಲ್ಲಿ ಕೆಂಪಾಗಿ, ಬಾಣಂತಿಯ ನೀರು ಬೀಗಿತಿಯ ಎಲೆಯ ಅಂಚಿಗೆ ಬಂದು ನಿಂತಿತು. ಚಾಪೆ ನೆಂದಿತು. ಸಪ್ಪಲಮ್ಮ ಎದ್ದರು. ಅವರ ಸೀರೆ ಈ ಮನೆಯಲ್ಲಿ ಎರಡನೆಯ ಸಲ ಹಾಳಾಗಿತ್ತು.

ಒಳಗಿನಿಂದ ಕದಿರಮ್ಮ ಕೂಗಿದಳು. "ನೀರ್ ಇಳೀತಿಲ್ಲ ಕಣಮ್ಮೋ. ಕೂಸು ತಣ್ಣಗಾಗ್ತದೆ, ಈಸ್ಕೊ ಬಾರೇ." ಅಮ್ಮಯಮ್ಮ ಓಡಿ ಮಗುವನ್ನು ಎದೆಗೆ ಒತ್ತಿಕೊಂಡಳು. ಭಾಗ್ಯಮ್ಮ ಕಂಬಳಿ ಹೊದ್ದು, ನಡುಗುತ್ತ, ಕದಿರಮ್ಮನ ಹೆಗಲಿಗೆ ಬಿದ್ದು ಕೋಣೆಗೆ ಹೋದಳು.

"ಕೋಣೆಗೂ ನುಗ್ತಾ ಇದೆ ನೋಡಿ ನೀರು" ಎಂದರು ಸಪ್ಪಲಮ್ಮ. "ಇದನ್ನ ನಿಲ್ಸಿದ್ರೆ ನಿಲ್ಸಿ. ಇಲ್ದಿದ್ರೆ ಕಾರ್ ಮಾಡ್ಕೊಂಡು ಈಗ್ಲೇ ನಮ್ ಹುಡುಗೀನ ಕರ್ಕೊಂಡ್ ಹೋಗ್ತೀನಿ ಬೀಗರೇ."

ಅಮ್ಮಯಮ್ಮ ಗಂಡನ ಕಡೆ ನೋಡಿದಳು. ಅವಳ ಎರಡು ಕೈಯಲ್ಲೂ ಮಗುವಿತ್ತು. ಕದಿರಮ್ಮನ ಕೈಯಲ್ಲಿ ಬಾಣಂತಿಯಿದ್ದಳು. ಆ ಮನೆಯಲ್ಲಿ ಖಾಲಿ ಇದ್ದದ್ದು ಒಬ್ಬನ ಕೈ ಮಾತ್ರ.

ಆದಿನಾರಾಯಣಪ್ಪ ಹಾರೆ ತಂದು ಜಾಲರಿಯನ್ನು ಕುಟ್ಟಿ ಒಡೆದ. ನೀರು ಕದಲಲಿಲ್ಲ. ಬೆರಳು ಹಾಕಿದ, ಸಾಲಲಿಲ್ಲ. ಪೈಪನ್ನೂ ಉದ್ದಕ್ಕೂ ಒಡೆದು ಬಿಲ ಅಗಲ ಮಾಡಿದ. ಶರಟಿನ ತೋಳು ಮಡಿಸಿ, ಮಂಡಿಯೂರಿ, ಕೊನೆಗೆ ಮಕಾಡೆ ಮಲಗಿ, ತಾನೇ ಹೊಳಪು ಕೊಡಿಸಿದ ಕೆಂಪು ನೆಲಕ್ಕೆ ಕೆನ್ನೆ ಒತ್ತಿ, ಭುಜದವರೆಗೆ ಕೈ ಇಳಿಸಿದ. ಕಿವಿಯೊಳಗೆ ಆ ನೀರು ಹೋಯಿತು. ತುಟಿಗೂ ತಾಕಿತು. ಕೈಗೆ ಮೊದಲು ಸಿಕ್ಕಿದ್ದು ಮೆತ್ತಗಿತ್ತು, ಬೆಚ್ಚಗಿತ್ತು, ಎಳೆದರೆ ಜಾರುತ್ತಿತ್ತು. ಉಗುರು ಕಚ್ಚಿಸಿ ಎಳೆದ. ಕೂದಲಿಗೆ ಹಿಟ್ಟು ಮೆತ್ತಿ, ಹಿಟ್ಟಿಗೆ ಎಣ್ಣೆ ಹಿಡಿದು, ಸತ್ತ ಹೆಗ್ಗಣದಷ್ಟು ದಪ್ಪದ ಉಂಡೆಯೊಂದು ಹೊರಬಂತು. ಅಲ್ಲೇ ಕಕ್ಕಿದ. ಕಕ್ಕಿದ್ದೂ ಅದೇ ನೀರಿಗೆ ಸೇರಿತು. ಮತ್ತೆ ಕೈ ಹಾಕಿದ. ಕರ್ಚೀಫು ಎಲ್ಲೋ ತೇಲಿಕೊಂಡು ಹೋಗಿತ್ತು. ಹೀಗೆ ಉಂಡೆಯ ಮೇಲೆ ಉಂಡೆ ಎಳೆದು ಹಾಕಿದ ಮೇಲೆ ಬಿಲ ಗೊಳಗೊಳ ಎಂದು, ನೀರು ಸುಳಿ ತಿರುಗಿ ಇಳಿಯತೊಡಗಿತು.

ಸಪ್ಪಲಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಮೂಗಿನ ಮೇಲೆ ಸೆರಗು ಹಾಗೇ ಇತ್ತು. "ಮೂರ್ ತಿಂಗಳು ತುಂಬಿದ್ ಮೇಲೆ ಬಂದು ಕರ್ಕೊಂಡ್ ಹೋಗ್ತೀವಿ" ಎಂದರು ಅಮ್ಮಯಮ್ಮನಿಗೆ. ಮಗುವನ್ನು ನೋಡಿದರು, ಊಟ ಮಾಡಿದರು, ಸಂಜೆ ಬಸ್ಸಿಗೆ ಹೊರಟರು.

ಆದಿನಾರಾಯಣಪ್ಪ ಬೀಗರ ಪಂಕ್ತಿಯಲ್ಲಿ ಕೂರಲೇ ಇಲ್ಲ. ಬಾವಿಕಟ್ಟೆಯಲ್ಲಿ ಬೂದಿ ಹಾಕಿ ತಿಕ್ಕಿದ, ನಿಂಬೆಹಣ್ಣು ಹಿಂಡಿ ತಿಕ್ಕಿದ, ಸೋಪು ಸವೆಯುವಷ್ಟು ತಿಕ್ಕಿದ. ಮೂಗಿನ ಹತ್ತಿರ ತಂದರೆ ಅದೇ. ದೀಪ ಹಚ್ಚುವ ಹೊತ್ತಿಗೆ ಹಸಿವು ತಾಳದೆ ಒಳಗೆ ಬಂದು ಕೂತ. ಅಮ್ಮಯಮ್ಮ ಮುದ್ದೆ ಕಟ್ಟಿ ತಟ್ಟೆಗೆ ಇಟ್ಟಳು, ಸಾರು ಬಿಟ್ಟಳು. ಅವನು ಬಲಗೈಯನ್ನು ತಟ್ಟೆಯಿಂದ ದೂರ, ಯಾರದೋ ಕೈಯನ್ನು ಹಿಡಿದುಕೊಂಡವನಂತೆ ಹಿಡಿದು ಕೂತಿದ್ದ.

"ಈ ಕೈಯಲ್ಲಿ ಹೆಂಗೇ ಉಣ್ಲಿ? ಚಮಚ ಇದ್ರೆ ಕೊಡು."

"ಮುದ್ದೇನ ಚಮಚದಲ್ಲಿ ಉಂಡೋರುಂಟಾ?" ಎಂದಳು ಅಮ್ಮಯಮ್ಮ. ಅವಳ ದನಿಯಲ್ಲಿ ಕೋಪವಿರಲಿಲ್ಲ. "ಹಳೇ ತೂಬು ಕಟ್ಕೊಂಡಾಗೆಲ್ಲ ನೀವು ಎಲೆ ತಳ್ಳಿ ಹೋಗ್ತಿದ್ರಿ. ನಾನು ಕೈ ಹಾಕಿ ತೆಗೀತಿದ್ದೆ. ಅದೇ ಕೈ ತೊಳ್ಕೊಂಡು ಬಂದು ಸಂಜೆಗೆ ನಿಮಗೆ ಮುದ್ದೆ ಕಟ್ತಿದ್ದೆ. ಒಂದಿನಾನೂ ವಾಸನೆ ಬಂತು ಅನ್ಲಿಲ್ಲ ನೀವು."

ಆದಿನಾರಾಯಣಪ್ಪ ತಟ್ಟೆಯ ಕಡೆ ನೋಡಿದ. ಮುದ್ದೆಯ ಮೇಲೆ ಅವಳ ಅಂಗೈಯ ತೇವ ಇನ್ನೂ ಹೊಳೆಯುತ್ತಿತ್ತು. ಇಡೀ ಬಸ್ಸನ್ನು ಮೂಸಿ ತೀರ್ಪು ಕೊಡುತ್ತಿದ್ದ ತನ್ನ ಮೂಗಿನ ಮೇಲೆ ಅವನಿಗೆ ಹೇಸಿಗೆ ಹುಟ್ಟಿತು. ನುಗ್ಗೆಮರದ ಬುಡದಲ್ಲಿ ನಿಂತು ಅವಳಿಗೆ ಅಸಹ್ಯ ಗೊತ್ತಿಲ್ಲ ಎಂದದ್ದು ನೆನಪಾಯಿತು. ಮುದ್ದೆ ಮುರಿದು, ಸಾರಿಗೆ ಅದ್ದಿ, ಆ ಕೈಯಿಂದಲೇ ನುಂಗಿದ. ಸುಲಭವಾಗಿ ಇಳಿಯಲಿಲ್ಲ, ಆದರೂ ತಟ್ಟೆ ಖಾಲಿ ಮಾಡಿದ.

ಎದ್ದು ಕೈ ತೊಳೆಯುವ ಮುಂಚೆ ಹೇಳಿದ. "ನಾಳೆ ಪಿಳ್ಳಣ್ಣನ್ನ ಕರೀತೀನಿ. ತೂಬು ಎಷ್ಟಗಲ ಇರ್ಬೇಕು ಅಂತ ನೀನೇ ನಿಂತು ಹೇಳು."

ಅಮ್ಮಯಮ್ಮ ತಟ್ಟೆ ಎತ್ತಿಕೊಂಡಳು.

"ನಿಮ್ ಕೈ ಹೋಗೋವಷ್ಟಿರ್ಲಿ."