ಮೊದಲು ಹತ್ತುವವರು

ಆಫೀಸಮ್ಮ ಅಂತ ಅವಳಿಗೆ ಹೆಸರಿಟ್ಟವರು ಅಂಗಡಿಯ ಮೆಕ್ಯಾನಿಕ್‌ಗಳು. ಲಿಫ್ಟ್ ರಿಪೇರಿಯವರು ಅಂದರೆ ಏನೋ ಭಾರಿ ಕಂಪನಿ ಅಂದುಕೊಳ್ಳಬೇಡಿ. ಇದ್ದದ್ದು ಎರಡು ಕೋಣೆ, ಒಂದು ಹಳೇ ವ್ಯಾನು, ಐದು ಜನ. ಮುಂದಿನ ಕೋಣೆಯಲ್ಲಿ ಅವಳ ಮೇಜು ಮತ್ತು ಬಾಯಿ ಮುಚ್ಚದ ಫೋನು. ಹಿಂದಿನದರಲ್ಲಿ ಉಕ್ಕಿನ ಹಗ್ಗದ ಸುರುಳಿ, ಸವೆದ ರಾಟೆ, ಬಿಚ್ಚಿಟ್ಟ ಮೋಟರು. ಯಜಮಾನ ಅವಳ ಅಣ್ಣ. ಅಪ್ಪ ಅಮ್ಮ ಒಬ್ಬರ ಹಿಂದೆ ಒಬ್ಬರು ಹೋದಾಗ ಇವಳಿನ್ನೂ ಶಾಲೆಗೆ ಹೋಗೋ ಹುಡುಗಿ. ಆಮೇಲೆ ಅವಳಿಗೆ ಜಡೆ ಹಾಕಿದ್ದು, ಜ್ವರ ಬಂದಾಗ ಹಣೆ ಮುಟ್ಟಿ ನೋಡಿದ್ದು ಎಲ್ಲ ಆ ಸ್ಪ್ಯಾನರ್ ಹಿಡಿದ ಕೈಯೇ. ಜಡೆ ಮಾತ್ರ ಒಂದು ದಿನವೂ ನೆಟ್ಟಗೆ ಬರಲಿಲ್ಲ ಬಿಡಿ.

ಆ ಅಂಗಡಿಯಲ್ಲಿ ಅಪ್ಪನ ಕಾಲದಿಂದ ಬಂದ ಕಟ್ಟಳೆ ಒಂದಿತ್ತು. ಲಿಫ್ಟ್ ರಿಪೇರಿ ಮಾಡಿದವನೇ ಮೊದಲು ಅದನ್ನು ಹತ್ತಬೇಕು, ಒಬ್ಬನೇ. ಕೊನೆ ಮಹಡಿಗೆ ಹೋಗಿ ಕೆಳಗೆ ಬಂದ ಮೇಲೇ ಕೆಲಸ ಮುಗಿಯಿತೆನ್ನುವ ಹಾಳೆಗೆ ಸಹಿ. "ನಿನ್ನ ಕೆಲಸದ ಮೇಲೆ ನಿನಗೇ ಧೈರ್ಯ ಇಲ್ಲ ಅಂದ್ರೆ ಬೇರೆಯವರನ್ನ ಯಾಕಪ್ಪ ಹತ್ತಿಸ್ತೀಯ" ಅನ್ನುತ್ತಿದ್ದರಂತೆ ಅಪ್ಪ. ಈ ಮಾತು ಮನೆಯಲ್ಲಿ ಎಷ್ಟು ಸಲ ಬರುತ್ತಿತ್ತೆಂದರೆ ಆಫೀಸಮ್ಮನಿಗೆ ನಿದ್ದೆಗಣ್ಣಲ್ಲೂ ಬಾಯಿಗೆ ಬರುತ್ತಿತ್ತು.

ಅವಳಿಗೆ ಎಂಬಿಎ ಓದುವ ಆಸೆ ಹುಟ್ಟಿ ಬಹಳ ಕಾಲವಾಗಿತ್ತು. ಓದಿ ಬಂದು ಇದೇ ಅಂಗಡಿಯನ್ನು ದೊಡ್ಡದು ಮಾಡಬೇಕು, ಅಷ್ಟೇ ಲೆಕ್ಕ. ಅವಳು ಕಣ್ಣಿಟ್ಟಿದ್ದ ಬಿಸಿನೆಸ್ ಸ್ಕೂಲಿಗೆ ಅರ್ಜಿ ಹಾಕಲು ಎರಡು ದಾರಿ. ಮುಂಚೆಯೇ ಹಾಕಿದರೆ ಸೀಟು ಸಿಗೋದು ಸಲೀಸು, ಆದರೆ ಸಿಕ್ಕಿದರೆ ಬಂದೇ ಬರುತ್ತೇನೆ ಅಂತ ಸಹಿ ಮಾಡಿ ಮಾತು ಕೊಡಬೇಕು. ನಿಧಾನಕ್ಕೆ ಹಾಕಿದರೆ ಪೈಪೋಟಿ ಜಾಸ್ತಿ, ಆದರೆ ಆಮೇಲೆ ಬೇಡ ಅನ್ನಬಹುದು. ಅವಳಿಗೆ ಬೇಡ ಅನ್ನುವ ಬಾಗಿಲು ತೆರೆದಿರಬೇಕಿತ್ತು. ಸ್ಕೂಲು ಇದ್ದದ್ದು ದೂರದೂರಿನಲ್ಲಿ, ಅಂಗಡಿಯ ಜುಟ್ಟು ಇದ್ದದ್ದು ಇವಳ ಕೈಯಲ್ಲಿ.

ಅಣ್ಣನನ್ನು ಕೇಳಿದಳು. ಅವನು ವ್ಯಾನಿಗೆ ಒರಗಿ ನಿಂತಿದ್ದ, ಎರಡೂ ಕೈ ಪ್ಯಾಂಟಿನ ಜೇಬಲ್ಲಿ.

"ಮುಂಚೇನೇ ಹಾಕು," ಅಂದ. "ಎರಡು ದೋಣಿ ಮೇಲೆ ಕಾಲಿಡಬೇಡ."

"ಸ್ವಲ್ಪ ಯೋಚನೆ ಮಾಡಿ ಹೇಳಣ್ಣ. ಸಿಕ್ಕಿಬಿಟ್ರೆ ಆಮೇಲೆ ಹಿಂದೆ ಬರೋ ಹಾಗಿಲ್ಲ."

"ಅದೇ ಒಳ್ಳೇದು."

ಅದೇ ಒಳ್ಳೇದಂತೆ. ಇಷ್ಟು ವರ್ಷ ಅಂಗಡಿಗಾಗಿ ಮೈ ಮುರಿದು ದುಡಿದವಳನ್ನು ಕಳಿಸಲು ಅವನಿಗೆ ಅರೆಕ್ಷಣವೂ ಬೇಕಾಗಲಿಲ್ಲ.

ಆ ವಾರವೇ ಒಂದು ಆಸ್ಪತ್ರೆಯ ಲಿಫ್ಟ್ ಕೆಟ್ಟು, ಬೇಕಾದ ಭಾಗ ತಲುಪಿಸಲು ಅವಳೂ ಹೋದಳು. ಕೆಲಸ ಮುಗಿದಾಗ, ಯಾವಾಗಲೂ ಹತ್ತುತ್ತಿದ್ದ ಅಣ್ಣನ ಬದಲು, ಬಾಗಿಲು ಎಳೆದು ಒಳಗೆ ಹೋದವನು ಗ್ರೀಸ್ ಮಾವ. ಅಪ್ಪನ ಕಾಲದ ಹಿರಿಯ ಮೆಕ್ಯಾನಿಕ್. ಮದುವೆ ಮನೆಗೆ ಬಂದರೂ ತೋಳಿನಲ್ಲಿ ಗ್ರೀಸ್ ಇರುವ ಆಸಾಮಿ. ಅಣ್ಣ ಜೇಬಲ್ಲಿ ಕೈಯಿಟ್ಟುಕೊಂಡು ಹೊರಗೇ ನಿಂತ. ಮಾವ ಇಳಿದು ಬಂದು ಸಹಿ ಹಾಕಿದ. ಮುಂದಿನ ಕೆಲಸದಲ್ಲೂ ಹಾಗೇ, ಅದರ ಮುಂದಿನದರಲ್ಲೂ ಹಾಗೇ.

ಓಹೋ, ಹೀಗೋ ವಿಷಯ, ಅಂದುಕೊಂಡಳು. ಅಂಗಡಿಯನ್ನು ಮಾವನ ಕೈಗೆ ಕೊಡುತ್ತಿದ್ದಾನೆ. ಅಡ್ಡ ಇರುವವಳು ನಾನೊಬ್ಬಳು, ನನ್ನನ್ನು ಸಾಗಹಾಕಿದರೆ ದಾರಿ ಸಲೀಸು.

ಅತ್ತಿಗೆಯ ಹತ್ತಿರ ಬಾಯಿಬಿಟ್ಟಳು. "ಅಣ್ಣನಿಗೆ ನಾನು ಭಾರ ಆದ್ನಾ ಅತ್ತಿಗೆ?"

ಅತ್ತಿಗೆ ಪಾತ್ರೆ ತೊಳೆಯುತ್ತಿದ್ದಳು. ನಲ್ಲಿ ಇನ್ನಷ್ಟು ಜೋರಾಗಿ ತಿರುಗಿಸಿದಳು. "ಅವರು ಹೇಳಿದ ಹಾಗೆ ಮಾಡಮ್ಮ," ಅಂದಳು, ಮುಖ ತಿರುಗಿಸದೆ.

ಅಲ್ಲಿಗೆ ಮುಗಿಯಿತು. ಬಂದೇ ಬರುತ್ತೇನೆ ಅನ್ನೋ ಸಾಲಿನ ಕೆಳಗೆ ಸಹಿ ಹಾಕಿ ಕಳಿಸಿದಳು. ಹಾಕುವಾಗ ಓದಿನ ಆಸೆ ಎಷ್ಟಿತ್ತೋ ಗೊತ್ತಿಲ್ಲ, ಸಿಟ್ಟಂತೂ ತುಂಬಿ ತುಳುಕುತ್ತಿತ್ತು. ನಾನಿಲ್ಲದೆ ಒದ್ದಾಡಲಿ, ಆಗ ಬುದ್ಧಿ ಬರುತ್ತೆ ಅಂತ ಒಡಹುಟ್ಟಿದವನಿಗೆ ಮನಸ್ಸಲ್ಲೇ ಶಾಪ ಹಾಕಿದಳು.

ಸೀಟು ಸಿಕ್ಕಿತು. ಸುದ್ದಿ ಬಂದಾಗ ಅಂಗಡಿಯಲ್ಲಿ ಇಬ್ಬರೇ ಇದ್ದರು. "ಸಿಕ್ತು. ಇನ್ನು ನಿನಗೆ ನಿಶ್ಚಿಂತೆ," ಅಂದಳು, ಚುಚ್ಚಿದ ಹಾಗೆ.

ಅಣ್ಣ ಹತ್ತಿರ ಬಂದ. ಜೇಬಿನಿಂದ ಬಲಗೈ ತೆಗೆದು ಅವಳ ತಲೆಯ ಮೇಲಿಟ್ಟ. ಕೈ ನಡುಗಿತು. ಅಳುತ್ತಿದ್ದಾನೆ ಅಂದುಕೊಂಡು ತಲೆಯೆತ್ತಿ ನೋಡಿದಳು. ಅವನ ಕಣ್ಣು ಒಣಗಿತ್ತು. ಕೈ ಮಾತ್ರ ನಿಲ್ಲಲಿಲ್ಲ. ತಲೆಯ ಮೇಲಿಂದ ತೆಗೆದ, ಮೇಜಿನ ಮೇಲಿಟ್ಟ, ಅಲ್ಲೂ ಬಡಿದುಕೊಳ್ಳುತ್ತಲೇ ಇತ್ತು.

"ಈಗ ಹೇಳಬಹುದು," ಅಂದ. "ನರದ ಕಾಯಿಲೆಯಂತೆ. ವಾಸಿ ಆಗಲ್ಲ, ಜಾಸ್ತಿ ಆಗ್ತಾ ಹೋಗುತ್ತಂತೆ. ಮೊದಲೇ ಗೊತ್ತಾಗಿದ್ರೆ ನೀನು ಅರ್ಜೀನೇ ಹಾಕ್ತಿರಲಿಲ್ಲ. ನಿಧಾನದ ಅರ್ಜಿ ಆಗಿದ್ರೆ ನೀನು ಸೀಟೇ ಬೇಡ ಅಂದುಬಿಡ್ತಿದ್ದೆ."

ಅವಳಿಗೆ ಅಪ್ಪನ ಕಟ್ಟಳೆ ನೆನಪಾಯಿತು. ರಿಪೇರಿ ಮಾಡಿದವನೇ ಮೊದಲು ಹತ್ತಬೇಕು. ಮಾವ ಹತ್ತುತ್ತಿದ್ದಾನೆ ಅಂದರೆ ರಿಪೇರಿ ಮಾಡಿದವನೂ ಮಾವನೇ. ಅಣ್ಣ ಎಷ್ಟೋ ತಿಂಗಳಿಂದ ಸ್ಪ್ಯಾನರ್ ಮುಟ್ಟಿಲ್ಲ. ದಾರಿಹೋಕನಿಗೆ ಇದು ಗೊತ್ತಾಗದಿರಬಹುದು. ಆ ಕಟ್ಟಳೆಯಲ್ಲೇ ಬೆಳೆದವಳಿಗೆ ಗೊತ್ತಾಗಬೇಡವೇ? ಕಣ್ಣೆದುರೇ ಇದ್ದದ್ದನ್ನು ಬಿಟ್ಟು ಇಲ್ಲದ್ದನ್ನು ಕಂಡಳು. ತನ್ನ ಮೇಲೆ ತನಗೇ ಹೇಸಿಗೆಯಾಯಿತು.

"ಸೀಟು ಬಿಟ್ಟುಬಿಡ್ತೀನಿ. ಕಾರಣ ಹೇಳಿದ್ರೆ ಅವರು ಬಿಡ್ತಾರೆ."

"ಬಿಡಬಹುದು, ನಾನು ಬಿಡಲ್ಲ. ಸಹಿ ಹಾಕಿದ ಮೇಲೆ ಹಿಂದೆ ಸರಿಯೋದು ನಮ್ಮ ಮನೇಲಿ ಇಲ್ಲ."

"ಅಂಗಡಿ?"

"ಮಾವ ನೋಡ್ಕೋತಾನೆ. ನೀನು ವಾಪಸ್ ಬರೋ ಹೊತ್ತಿಗೆ ನಾನು ಹೇಗಿರ್ತೀನೋ. ಅದನ್ನ ನೀನು ದಿನಾ ಕೂತು ನೋಡಬಾರದು."

ಹೊರಡುವ ಹಿಂದಿನ ದಿನ ಒಂದು ಹಳೇ ಕಟ್ಟಡದಲ್ಲಿ ಕೆಲಸವಿತ್ತು. ಮಾವ ಹತ್ತಿ ಇಳಿದ, ಸಹಿ ಹಾಕಿದ. ಆಮೇಲೆ ಅಣ್ಣ ತಂಗಿ ಇಬ್ಬರೂ ಒಳಗೆ ಹೋದರು. ಅಣ್ಣ ಬಟನ್ ಒತ್ತಲು ಕೈ ಎತ್ತಿದ. ಬೆರಳು ಅದರ ಸುತ್ತಮುತ್ತ ಎಲ್ಲ ಕಡೆ ತಾಗಿತು, ಅದಕ್ಕೆ ಮಾತ್ರ ತಾಗಲಿಲ್ಲ. ಅವಳು ನೋಡಲಾರದೆ ತಾನೇ ಒತ್ತಿದಳು. ಲಿಫ್ಟ್ ಮೇಲೇರಿತು.

"ನಾಳೆಯಿಂದ ಯಾರಣ್ಣ ಒತ್ತಿಕೊಡ್ತಾರೆ ನಿನಗೆ?"

ಅಣ್ಣ ಕೈಯನ್ನು ಜೇಬಿಗೆ ಸೇರಿಸಿದ. ಕಾಲು ಇನ್ನೂ ಅವನ ಮಾತು ಕೇಳುತ್ತಿತ್ತು.

"ಮೆಟ್ಟಿಲು ಇದೆಯಲ್ಲಮ್ಮ," ಅಂದ.